ಪಿಟ್ಯುಟರಿ ಆಪರೇಷನ್ ಆದ ತಮ್ಮ ಬೋಟಿಗೆ ಹೋಗಬಹುದಾ? ನೀರು ಎಷ್ಟು ಕುಡಿಯಬೇಕು?

ಬ್ರಹ್ಮಾವರದ ಅಕ್ಕ ಕೇಳಿದ್ದು:

ನಮಸ್ಕಾರ. ನನ್ನ ತಮ್ಮನ ವಿಷಯ. ವಯಸ್ಸು 31. ಮಲ್ಪೆಯಲ್ಲಿ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವನು. ಬೋಟು ಹೊರಟರೆ ವಾರ, ಹತ್ತು ದಿನ ದಡ ಮುಟ್ಟುವುದಿಲ್ಲ. ಹೋದ ವರ್ಷದ ಕೊನೆಗೆ ಎರಡೂ ಬದಿಯ ದೃಷ್ಟಿ ಮಂಜಾಗುತ್ತಿದೆ ಅಂತ ಕಣ್ಣು ತೋರಿಸಲಿಕ್ಕೆ ಹೋದ. ಕಣ್ಣಿನ ಡಾಕ್ಟ್ರು ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಕ್ಯಾನ್ಸರ್ ಅಲ್ಲ ಅಂದರು. ಫೆಬ್ರವರಿಯಲ್ಲಿ ಮೂಗಿನ ಮೂಲಕವೇ ತೆಗೆದರು. ಕಣ್ಣು ಈಗ ಚೆನ್ನಾಗಿದೆ.

ಆದರೆ ಆಪರೇಷನ್ ಆದ ಮರುದಿನದಿಂದ ಮೂತ್ರ ಹೋಗುವುದು ನಿಲ್ಲಲೇ ಇಲ್ಲ. ನರ್ಸ್ ಚೀಲ ಖಾಲಿ ಮಾಡಿ ಆ ಕಡೆ ಹೋಗುವಷ್ಟರಲ್ಲಿ ಮತ್ತೆ ತುಂಬುತ್ತಿತ್ತು. ಮೂರ್ನಾಲ್ಕು ದಿನದಲ್ಲಿ ಅದಾಗಿಯೇ ಕಡಿಮೆಯಾಯಿತು, ಮನೆಗೆ ಕಳಿಸಿದರು. ಮನೆಗೆ ಬಂದ ಮೇಲೆ ತಲೆನೋವು, ವಾಂತಿ, ಮಾತಿಗೆ ಮಾತು ತಾಳೆಯಿಲ್ಲ. ಮತ್ತೆ ಅಡ್ಮಿಟ್. ರಕ್ತದ ಸೋಡಿಯಂ 121ಕ್ಕೆ ಇಳಿದಿದೆ, ನೀರು ಕಡಿಮೆ ಕುಡಿಸಿ ಅಂದರು. ಅದು ಸರಿಯಾಯಿತು ಅನ್ನುವಾಗ ಪುನಃ ವಿಪರೀತ ಬಾಯಾರಿಕೆ, ರಾತ್ರಿ ಗಂಟೆಗೊಮ್ಮೆ ಬಚ್ಚಲಿಗೆ. ಈಗ ಡೆಸ್ಮೋಪ್ರೆಸಿನ್ 0.1 ಮಿಲಿಗ್ರಾಂ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಹೈಡ್ರೋಕಾರ್ಟಿಸೋನ್ ಮಾತ್ರೆಯೂ ಉಂಟು.

ಡಿಸ್ಚಾರ್ಜ್ ಕಾಗದದಲ್ಲಿ ಡಯಾಬಿಟಿಸ್ ಇನ್ಸಿಪಿಡಸ್ ಅಂತ ಬರೆದಿದ್ದಾರೆ. ಅದನ್ನು ಓದಿದ ದಿನದಿಂದ ಅಮ್ಮ ಅವನಿಗೆ ಚಾಯಕ್ಕೆ ಸಕ್ಕರೆ ಹಾಕುವುದಿಲ್ಲ, ದಿನಾ ಹಾಗಲಕಾಯಿ ಪಲ್ಯ, ಅನ್ನದ ಬದಲು ಚಪಾತಿ. ದೊಡ್ಡಮ್ಮ ಬಂದವರು, ಮೂತ್ರ ಹೋಗುವ ಕಾಯಿಲೆಗೆ ನೀರು ಕಡಿಮೆ ಕುಡಿಯಬೇಕು ಅಂದರು. ಪಕ್ಕದ ಮನೆಯವರು, ಅಲ್ಲ, ದಿನಕ್ಕೆ ಐದು ಲೀಟರ್ ಆದರೂ ಕುಡಿಯಲಿ ಅಂತಾರೆ. ತಮ್ಮ ಮಧ್ಯದಲ್ಲಿ ಕಂಗಾಲಾಗಿದ್ದಾನೆ.

ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಬೋಟಿನ ಮಾಲೀಕರು ಎರಡು ಸಲ ಫೋನ್ ಮಾಡಿದರು. ಅವನಿಗೆ ಹೋಗಲೇಬೇಕು ಅಂತ ಉಂಟು, ಮನೆಯ ಸಾಲವೂ ಉಂಟು. ಡಾಕ್ಟ್ರ ಅಪಾಯಿಂಟ್‌ಮೆಂಟ್ ಬರುವ ವಾರ. ಅದಕ್ಕೆ ಮೊದಲು ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಡಾಕ್ಟ್ರ ಹತ್ತಿರ ಎಂತ ಕೇಳಬೇಕು ಅಂತಲೂ ನಮಗೆ ಗೊತ್ತಾಗುತ್ತಿಲ್ಲ.

---

ಸುರತ್ಕಲ್ ಟೀಚರ್ ಉತ್ತರ:

ತಂಗಿ, ನಿಮ್ಮ ಬರಹ ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ. 2011ರಿಂದ ನನಗೂ ಇದೇ ಕಾಯಿಲೆ. ನನ್ನದೂ ಪಿಟ್ಯುಟರಿಯ ಪಕ್ಕದ ಗಡ್ಡೆಯ ಆಪರೇಷನ್ ನಂತರ ಬಂದದ್ದು. ಅಂದಿನಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡೇ ಇದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಮ್ಮನಿಗೂ ಅಮ್ಮನಿಗೂ ಓದಿ ಹೇಳಿ.

ಮೊದಲು ಅಮ್ಮನಿಗೆ. ಇದು ಸಕ್ಕರೆ ಕಾಯಿಲೆ ಅಲ್ಲ. ರಕ್ತದ ಸಕ್ಕರೆಗೂ ಇದಕ್ಕೂ ಸಂಬಂಧವೇ ಇಲ್ಲ. ಇವತ್ತೇ ಅವನಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಸಕ್ಕರೆ ಹಾಕಿದ ಚಾಯ ಕೊಡಲಿ. ಹಾಗಲಕಾಯಿ ಅವನಿಗೆ ಇಷ್ಟ ಇದ್ದರೆ ತಿನ್ನಲಿ.

ನಮ್ಮ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅದರಲ್ಲಿ ಒಂದೂವರೆ, ಎರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ಕೊನೆಯ ಹಂತದಲ್ಲಿ ಎಷ್ಟು ನೀರು ವಾಪಸ್ ಹೋಗಬೇಕು ಅಂತ ಹೇಳುವುದು ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು. ಅದು ತಯಾರಾಗುವುದು ಮೆದುಳಿನ ಹೈಪೊಥಾಲಮಸ್‌ನಲ್ಲಿ, ದಾಸ್ತಾನು ಪಿಟ್ಯುಟರಿಯ ಹಿಂಭಾಗದಲ್ಲಿ. ನಮ್ಮ ಕಡೆ ತೋಡಿಗೆ ಕಿಂಡಿ ಅಣೆಕಟ್ಟು ಇರುತ್ತದಲ್ಲ, ಮಳೆ ಬಿಟ್ಟ ಮೇಲೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ವ್ಯಾಸೊಪ್ರೆಸಿನ್ ಆ ಹಲಗೆ. ಅದಿಲ್ಲದಿದ್ದರೆ ನೀರೆಲ್ಲ ಹರಿದು ಹೋಗುತ್ತದೆ, ದಿನಕ್ಕೆ ಮೂರು ಲೀಟರಿನಿಂದ ಹಿಡಿದು ಕೆಲವರಿಗೆ ಹತ್ತು, ಹದಿನೈದು ಲೀಟರ್ ತನಕ. ಹಾಗಾಗಿ ಬಾಯಾರಿಕೆ. ದೊಡ್ಡಮ್ಮ ಹೇಳಿದ ಹಾಗೆ ಮಾತ್ರೆ ಇಲ್ಲದೆ ನೀರು ಕಡಿಮೆ ಮಾಡಿದರೆ ಮೂತ್ರ ಕಡಿಮೆ ಆಗುವುದಿಲ್ಲ, ಮನುಷ್ಯ ಒಣಗುತ್ತಾನೆ ಅಷ್ಟೇ.

ಆಪರೇಷನ್ ನಂತರ ಅವನಿಗೆ ಆದದ್ದು ವಿಚಿತ್ರ ಏನಲ್ಲ. ಆ ಭಾಗಕ್ಕೆ ಪೆಟ್ಟಾದಾಗ ಮೊದಲು ಹಾರ್ಮೋನು ಬರುವುದು ನಿಲ್ಲುತ್ತದೆ, ಮೂತ್ರ ಜಾಸ್ತಿ. ಆಮೇಲೆ ಹಾಳಾದ ಜೀವಕೋಶಗಳಿಂದ ದಾಸ್ತಾನಿದ್ದ ಹಾರ್ಮೋನು ಲಂಗುಲಗಾಮಿಲ್ಲದೆ ಸೋರುತ್ತದೆ. ಆಗ ನೀರು ಒಳಗೇ ನಿಂತು ಸೋಡಿಯಂ ಇಳಿಯುತ್ತದೆ. ಸಾಧಾರಣ ಆಪರೇಷನ್ ಆಗಿ ಒಂದು ವಾರದ ಆಸುಪಾಸಿನಲ್ಲಿ ಬರುವುದು ಇದು, ನಿಮ್ಮಲ್ಲಿ 121 ಆದದ್ದು ಆಗಲೇ. ದಾಸ್ತಾನು ಮುಗಿದ ಮೇಲೆ ಮತ್ತೆ ಮೂತ್ರ ಜಾಸ್ತಿ. ಎಲ್ಲರಿಗೂ ಮೂರೂ ಹಂತ ಬರುವುದಿಲ್ಲ, ಮೊದಲನೆಯದರಲ್ಲೇ ಸರಿಯಾಗುವವರೇ ಹೆಚ್ಚು. ಮೂರೂ ಬಂದವರಿಗೆ ಮಾತ್ರೆ ಹೆಚ್ಚಾಗಿ ಜೀವನಪೂರ್ತಿ ಬೇಕಾಗುತ್ತದೆ. ಇದನ್ನು ಡಾಕ್ಟ್ರ ಹತ್ತಿರ ನೇರವಾಗಿ ಕೇಳಿ.

ಈಗ ನೀರಿನ ಲೆಕ್ಕ. ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಇದನ್ನೇ. ಡೆಸ್ಮೋಪ್ರೆಸಿನ್ ಅಂದರೆ ಆ ಹಾರ್ಮೋನನ್ನೇ ಸ್ವಲ್ಪ ಬದಲಿಸಿ ಮಾಡಿದ ಔಷಧ. ನುಂಗಿದ ಮೇಲೆ ಸುಮಾರು 8ರಿಂದ 12 ಗಂಟೆ ಹಲಗೆ ಇಳಿದೇ ಇರುತ್ತದೆ. ಆ ಹೊತ್ತಿನಲ್ಲಿ ಕುಡಿದ ನೀರಿಗೆ ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಪಕ್ಕದ ಮನೆಯವರ ಮಾತು ಕೇಳಿ ಹಟ ಹಿಡಿದು ಐದು ಲೀಟರ್ ಕುಡಿದರೆ ರಕ್ತ ತೆಳುವಾಗಿ ಸೋಡಿಯಂ ಬಿದ್ದೇ ಬೀಳುತ್ತದೆ. ಈ ಮಾತ್ರೆಯ ದೊಡ್ಡ ಅಪಾಯ ಇದೊಂದೇ. ಬಾಯಾರಿದಾಗ ಮಾತ್ರ ಕುಡಿಯುವುದು, ಬಾಯಾರಿಕೆ ಹೋದ ಕೂಡಲೇ ಲೋಟ ಕೆಳಗಿಡುವುದು, ಇಷ್ಟೇ ನಿಯಮ. ಬಾಯಾರಿಕೆಯ ಅರಿವು ಸರಿ ಇರುವವರಿಗೆ ಇದು ಸಾಕು. ಆಪರೇಷನ್‌ನಿಂದ ಆ ಅರಿವೇ ಹೋದವರೂ ಇದ್ದಾರೆ, ಅವರಿಗೆ ಡಾಕ್ಟ್ರು ಲೀಟರ್ ಲೆಕ್ಕ ಬರೆದು ಕೊಡುತ್ತಾರೆ. ನಿಮ್ಮ ತಮ್ಮ ಬಾಯಾರಿಕೆ ಅಂತ ತಾನಾಗಿ ಹೇಳಿದ್ದು ಒಳ್ಳೆಯ ಲಕ್ಷಣ.

ನಮ್ಮಲ್ಲಿ ನೀರು ಅಂದರೆ ಬರೀ ನೀರಲ್ಲ ನೋಡಿ. ಗಂಜಿ ತಿಳಿ, ಮಜ್ಜಿಗೆ, ಬೊಂಡ (ಎಳನೀರು), ಹೋದ ಮನೆಯಲ್ಲೆಲ್ಲ ಕೊಡುವ ಶರಬತ್ತು, ಎಲ್ಲ ಆ ಲೆಕ್ಕಕ್ಕೇ. ಮದುವೆ ಮನೆಯಲ್ಲಿ ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ನಾನು ಲೋಟ ಹಿಡಿದುಕೊಂಡು ಒಂದೇ ಗುಟುಕು ಕುಡಿದು ಮಾತಾಡುತ್ತ ಇರುತ್ತೇನೆ.

ನನಗೆ ಡಾಕ್ಟ್ರು ಹೇಳಿಕೊಟ್ಟ ಒಂದು ಕ್ರಮ ಉಂಟು. ವಾರಕ್ಕೊಮ್ಮೆ, ಭಾನುವಾರ, ಬೆಳಗಿನ ಮಾತ್ರೆ ಆರು ಗಂಟೆಗೆ ತೆಗೆದುಕೊಳ್ಳುವುದಿಲ್ಲ. ಕಾಯುತ್ತೇನೆ. ಎಂಟು, ಎಂಟೂವರೆಗೆ ಮೂತ್ರದ ಹಳದಿ ಹೋಗಿ ನಲ್ಲಿ ನೀರಿನ ಹಾಗೆ ಆಗುತ್ತದೆ, ಒಂದಾದ ಮೇಲೊಂದು ಸಲ ಹೋಗಬೇಕಾಗುತ್ತದೆ, ನಾಲಿಗೆ ಒಣಗುತ್ತದೆ. ವಾರವಿಡೀ ಒಳಗೆ ಹೆಚ್ಚು ನಿಂತ ನೀರು ಇದ್ದರೆ ಹೊರಗೆ ಹೋಯಿತು ಅಂತ ಅರ್ಥ. ಆಮೇಲೆ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ತೂಕವನ್ನೂ ನೋಡುತ್ತೇನೆ. ಎರಡು ದಿನದಲ್ಲಿ ಒಂದೂವರೆ ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ತೂಕ ಏರಿ, ಜೊತೆಗೆ ತಲೆನೋವು, ಹೊಟ್ಟೆ ತೊಳೆಸುವುದು, ಮಂಕು ಇದ್ದರೆ ಅದೇ ದಿನ ಸೋಡಿಯಂ ಪರೀಕ್ಷೆ. 135ರಿಂದ 145ರ ಒಳಗೆ ಇರಬೇಕು. ಮಾತ್ರೆ ತಡ ಮಾಡುವ ಕ್ರಮ ತಮ್ಮನಿಗೆ ಹೊಂದುತ್ತದಾ ಅಂತ ಅವನ ಡಾಕ್ಟ್ರೇ ಹೇಳಬೇಕು, ನೀವಾಗಿ ಶುರು ಮಾಡಬೇಡಿ.

ಇನ್ನು ಬೋಟು. ಮಾತು ಕಠಿಣ ಅನ್ನಿಸಿದರೆ ಕ್ಷಮಿಸಿ. ಆಗಸ್ಟ್ 1ಕ್ಕೆ ಹತ್ತು ದಿನದ ಬೋಟಿಗೆ ಕಳಿಸಬೇಡಿ. ನನ್ನ ಹೆದರಿಕೆ ಡೆಸ್ಮೋಪ್ರೆಸಿನ್‌ಗಿಂತ ಹೆಚ್ಚಾಗಿ ಹೈಡ್ರೋಕಾರ್ಟಿಸೋನ್ ಬಗ್ಗೆ. ಪಿಟ್ಯುಟರಿ ಪೆಟ್ಟಾದವರಿಗೆ ಕಾಯಿಲೆ, ಒತ್ತಡ ತಡೆದುಕೊಳ್ಳಲಿಕ್ಕೆ ಬೇಕಾದ ಕಾರ್ಟಿಸೋಲ್ ಅನ್ನುವ ದೇಹದ ಸ್ವಂತ ಹಾರ್ಮೋನು ಸಾಲದೆ ಬರುತ್ತದೆ, ಅದರ ಬದಲಿಗೇ ಈ ಮಾತ್ರೆ. ಜ್ವರ ಬಂದರೆ ಆ ಮಾತ್ರೆ ದುಪ್ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು, ತಡವಾದರೆ ಬಿಪಿ ಕುಸಿದು ಜೀವಕ್ಕೆ ಅಪಾಯ. ದಡದಿಂದ ಒಂದು ದಿನದ ದೂರದಲ್ಲಿ, ಮಳೆಗಾಲದ ಬಾಲದ ಕಡಲಿನಲ್ಲಿ ವಾಂತಿ ಶುರುವಾದರೆ ಮಾತ್ರೆ ಎರಡೂ ಹೊರಗೆ. ನೀರೂ ನಿಲ್ಲುವುದಿಲ್ಲ, ಮೂತ್ರವೂ ನಿಲ್ಲುವುದಿಲ್ಲ. ಇಂಜಿನ್ ಕೋಣೆಯ ಸೆಕೆ ಬೇರೆ. ಯಾವತ್ತೂ ಹೋಗಬಾರದು ಅಂತ ಅಲ್ಲ. ಮೊದಲು ಡೋಸ್ ನೆಲೆಗೆ ಬರಲಿ, ಸೋಡಿಯಂ ಕೆಲವು ತಿಂಗಳು ಒಂದೇ ಸಮ ಇರಲಿ, ಹೈಡ್ರೋಕಾರ್ಟಿಸೋನ್ ಮುಂದಕ್ಕೂ ಬೇಕಾ ಅಂತ ಬೆಳಗಿನ ಕಾರ್ಟಿಸೋಲ್ ಪರೀಕ್ಷೆ ಮಾಡಿ ನೋಡಲಿ. ಕೆಲವರಿಗೆ ಗ್ರಂಥಿ ಚೇತರಿಸಿಕೊಂಡು ಆ ಮಾತ್ರೆ ನಿಲ್ಲಿಸಲಿಕ್ಕೂ ಆಗುತ್ತದೆ. ಆದರೆ ಡಾಕ್ಟ್ರು ಹೇಳದೆ ಒಂದು ದಿನವೂ ಬಿಡಬಾರದು.

ಕೊನೆಗೆ ಒಂದು. ಬೇರೆ ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ಸೇರಿದರೂ ಡೆಸ್ಮೋಪ್ರೆಸಿನ್ ನಿಲ್ಲಬಾರದು. ಕಾಲು ಮುರಿದು ಒಂದು ಕಡೆ ಅಡ್ಮಿಟ್ ಆಗಿದ್ದಾಗ ನನ್ನ ಹಾಸಿಗೆಗೆ ಶುಗರ್ ಚಾರ್ಟ್ ನೇತುಹಾಕಿದ್ದರು, ಬೆರಳು ಚುಚ್ಚಿ ಚುಚ್ಚಿ ನೋಡುತ್ತಿದ್ದರು. ಡೆಸ್ಮೋಪ್ರೆಸಿನ್ ಮಾತ್ರ ವಾರ್ಡಿನ ಪಟ್ಟಿಯಲ್ಲಿ ಇರಲೇ ಇಲ್ಲ. ನನ್ನ ಯಜಮಾನರು ಮನೆಯಿಂದ ತಂದ ಸ್ಟ್ರಿಪ್ ಹಿಡಿದುಕೊಂಡು ಡ್ಯೂಟಿ ಡಾಕ್ಟ್ರನ್ನು ಹುಡುಕಿಕೊಂಡು ಹೋದರು. 2009ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ 22ರ ಯುವಕನೊಬ್ಬ ಇದೇ ಔಷಧ ಸಿಗದೆ, ನೀರಿಗಾಗಿ ಪೊಲೀಸರಿಗೆ ಫೋನ್ ಮಾಡಿ, ಕಡೆಗೂ ನೀರಿನಂಶ ಬತ್ತಿ ತೀರಿಕೊಂಡ. ಇಂಥ ಗೊಂದಲ ತಪ್ಪಬೇಕು ಅಂತಲೇ 2022ರಲ್ಲಿ ಹಾರ್ಮೋನು ತಜ್ಞರ ಸಂಘಟನೆಗಳು ಸೇರಿ ಕಾಯಿಲೆಯ ಹೆಸರಿನಿಂದ ಡಯಾಬಿಟಿಸ್ ಅನ್ನುವುದನ್ನೇ ತೆಗೆದು, ಆರ್ಜಿನೈನ್ ವ್ಯಾಸೊಪ್ರೆಸಿನ್ ಕೊರತೆ ಅಂತ ಮಾಡಿದರು. ನಿಮ್ಮ ಡಾಕ್ಟ್ರ ಹತ್ತಿರ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳಿ: ಇದು ಸಕ್ಕರೆ ಕಾಯಿಲೆ ಅಲ್ಲ, ಡೆಸ್ಮೋಪ್ರೆಸಿನ್ ಮತ್ತು ಹೈಡ್ರೋಕಾರ್ಟಿಸೋನ್ ನಿಲ್ಲಿಸಬಾರದು. ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿ ಇಡಲಿ.

---

ಉಡುಪಿ ಫಾರ್ಮಸಿಸ್ಟ್ ಉತ್ತರ:

ಟೀಚರ್ ಹೇಳಿದ್ದಕ್ಕೆ ಔಷಧ ಅಂಗಡಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಈ ಔಷಧ ಎಲ್ಲ ಮೆಡಿಕಲ್‌ನಲ್ಲಿ ಸ್ಟಾಕ್ ಇರುವುದಿಲ್ಲ. ಸ್ಟ್ರಿಪ್ ಅರ್ಧ ಆಗುವಾಗಲೇ ಹೇಳಿಡಿ. ಮಳೆಗಾಲದಲ್ಲಿ ಘಾಟಿ ಬಂದ್ ಆದರೆ ಮಾಲು ಬರುವುದು ತಡವಾಗುತ್ತದೆ.

ಮಾತ್ರೆ, ಮೂಗಿಗೆ ಹೊಡೆಯುವ ಸ್ಪ್ರೇ, ನಾಲಿಗೆ ಕೆಳಗೆ ಕರಗುವ ಮೆಲ್ಟ್, ಇಂಜೆಕ್ಷನ್ ಹೀಗೆ ಬೇರೆ ಬೇರೆ ರೂಪ ಉಂಟು. ಇವುಗಳ ಡೋಸ್ ಒಂದಕ್ಕೊಂದು ಸಮ ಅಲ್ಲ. ನುಂಗಿದ ಮಾತ್ರೆಯಲ್ಲಿ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಅದಕ್ಕೇ ಮಾತ್ರೆ 0.1 ಮಿಲಿಗ್ರಾಂ, ಅಂದರೆ 100 ಮೈಕ್ರೋಗ್ರಾಂ. ಸ್ಪ್ರೇ ಒಂದು ಸಲಕ್ಕೆ 10 ಮೈಕ್ರೋಗ್ರಾಂ. ಮೆಲ್ಟ್ 60, 120 ಹೀಗೆ. ಅಂಗಡಿಯವರು "ಇದಿಲ್ಲ, ಅದು ಕೊಡಲಾ, ಒಂದೇ ಔಷಧ" ಅಂದರೆ ಡಾಕ್ಟ್ರನ್ನು ಕೇಳದೆ ತೆಗೆದುಕೊಳ್ಳಬೇಡಿ. ನಿಮ್ಮ ತಮ್ಮನಿಗೆ ಮೂಗಿನ ಮೂಲಕ ಆಪರೇಷನ್ ಆಗಿರುವ ಕಾರಣ ಮಾತ್ರೆಯೇ ಲೇಸು ಅನ್ನಿಸುತ್ತದೆ. ಶೀತವಾಗಿ ಮೂಗು ಕಟ್ಟಿದರೆ ಸ್ಪ್ರೇ ಸರಿಯಾಗಿ ಹೀರುವುದಿಲ್ಲ. ಮಾತ್ರೆಯನ್ನು ದಿನಾ ಒಂದೇ ರೀತಿ ತೆಗೆದುಕೊಳ್ಳಲಿ, ಊಟದ ಜೊತೆ ನುಂಗಿದರೆ ಹೀರಿಕೆ ಕಡಿಮೆಯಾಗುತ್ತದೆ.

ಬೋಟಿನವರು ಅಂತ ಹೇಳಿದ್ದರಿಂದ ಇನ್ನೊಂದು ಮುಖ್ಯ. ಮಲ್ಪೆಯಿಂದ ನಮ್ಮಲ್ಲಿಗೆ ಬರುವವರು ಹೊರಡುವ ಮೊದಲು ಒಂದು ಹಿಡಿ ನೋವಿನ ಮಾತ್ರೆ, ಒಂದು ಹಿಡಿ ಭೇದಿಯ ಮಾತ್ರೆ ಕಟ್ಟಿಸಿಕೊಂಡು ಹೋಗುತ್ತಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಡೆಸ್ಮೋಪ್ರೆಸಿನ್ ಕೆಲಸವನ್ನು ಜೋರು ಮಾಡುತ್ತವೆ, ನೀರು ಇನ್ನೂ ಹೆಚ್ಚು ನಿಲ್ಲುತ್ತದೆ. ಭೇದಿಗೆ ಕೊಡುವ ಲೊಪೆರಮೈಡ್ ಕರುಳನ್ನು ನಿಧಾನ ಮಾಡುವುದರಿಂದ ಮಾತ್ರೆಯ ಅಂಶ ರಕ್ತದಲ್ಲಿ ಮೂರು ಪಟ್ಟು ಏರಬಹುದು. ಫಿಟ್ಸ್ ಮತ್ತು ನರನೋವಿಗೆ ಕೊಡುವ ಕಾರ್ಬಮಜೆಪಿನ್, ಖಿನ್ನತೆಯ ಕೆಲವು ಮಾತ್ರೆಗಳು, ಇವೂ ಸೋಡಿಯಂ ಇಳಿಸುತ್ತವೆ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು.

---

ಬಂಟ್ವಾಳದ ಮಗ ಉತ್ತರ:

ನಮ್ಮ ಅಮ್ಮನಿಗೂ ಸೋಡಿಯಂ ಪ್ರಾಬ್ಲೆಮ್. 118ಕ್ಕೆ ಇಳಿದು ನಮ್ಮ ಗುರುತೇ ಸಿಗದ ಹಾಗೆ ಆಗಿತ್ತು. ಹಾರ್ಮೋನು ಹೆಚ್ಚಾಗಿದೆ, ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕೊಡಬೇಡಿ ಅಂದಿದ್ದಾರೆ. ಟೊಲ್ವಾಪ್ಟಾನ್ ಅನ್ನುವ ಮಾತ್ರೆ 15 ಮಿಲಿಗ್ರಾಂ ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಶುರು ಮಾಡಿದರು, ದಿನಕ್ಕೆ ಎಷ್ಟೋ ಸಲ ರಕ್ತ ತೆಗೆದರು. ನಾವು ಮನೆಯಲ್ಲಿ ಗಂಜಿಗೆ ಉಪ್ಪು ಜಾಸ್ತಿ ಹಾಕಿ ಕೊಡುತ್ತೇವೆ. ನಿಮ್ಮ ತಮ್ಮನಿಗೂ ಹಾಗೇ ಕೊಟ್ಟು ನೋಡಿ.

---

ಸುರತ್ಕಲ್ ಟೀಚರ್ ಉತ್ತರ:

ಬಂಟ್ವಾಳದವರೇ, ನಿಮ್ಮ ಅಮ್ಮನದು ಇವರ ತಮ್ಮನ ಕಾಯಿಲೆಗೆ ನೇರ ವಿರುದ್ಧ. ದಯವಿಟ್ಟು ಒಬ್ಬರದ್ದು ಇನ್ನೊಬ್ಬರಿಗೆ ಮಾಡುವುದು ಬೇಡ. ಅವನಿಗೆ ಹಾರ್ಮೋನು ಇಲ್ಲ, ನಿಮ್ಮ ಅಮ್ಮನಿಗೆ ಬೇಡದಾಗಲೂ ಬರುತ್ತಿದೆ. ಡೆಸ್ಮೋಪ್ರೆಸಿನ್ ಹಲಗೆ ಇಳಿಸುತ್ತದೆ, ಟೊಲ್ವಾಪ್ಟಾನ್ ಅದೇ ಜಾಗದಲ್ಲಿ ಹಾರ್ಮೋನಿಗೆ ಅಡ್ಡ ನಿಂತು ಹಲಗೆ ಎತ್ತುತ್ತದೆ. ಆಸ್ಪತ್ರೆಯಲ್ಲೇ ಶುರು ಮಾಡುವುದು ಯಾಕೆಂದರೆ, ಬಹಳ ದಿನದಿಂದ ಇಳಿದಿದ್ದ ಸೋಡಿಯಂ ಒಮ್ಮೆಲೇ ಏರಿದರೆ ಮೆದುಳಿನ ನರಗಳ ಹೊದಿಕೆಗೆ ಹಾನಿಯಾಗುತ್ತದೆ. 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. ಅದಕ್ಕೇ ಅಷ್ಟು ಸಲ ರಕ್ತ ತೆಗೆದದ್ದು. ಲಿವರ್ ಪರೀಕ್ಷೆಯನ್ನೂ ತಪ್ಪಿಸಬೇಡಿ.

ನಿಮ್ಮ ಅಮ್ಮನಿಗೆ ಕೊಡುವ ಗಂಜಿಯ ತಿಳಿಯನ್ನು ಆ ಒಂದು ಲೀಟರಿನಲ್ಲಿ ಲೆಕ್ಕ ಹಾಕುತ್ತಿದ್ದೀರಾ? ಒಂದು ದೊಡ್ಡ ಬಟ್ಟಲು ಗಂಜಿಯಲ್ಲಿ ಎರಡು ಲೋಟ ನೀರಾದರೂ ಇರುತ್ತದೆ. ಮತ್ತೆ ಅವರ ಬಿಪಿ ಮಾತ್ರೆಯ ಹೆಸರಿನಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಉಂಟಾ ನೋಡಿ, ಡಾಕ್ಟ್ರಿಗೆ ತೋರಿಸಿ. ವಯಸ್ಸಾದವರಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ಸೋಡಿಯಂ ಇಳಿಸುವುದರಲ್ಲಿ ಇವು ಮುಂದೆ.

---

ಕಾರ್ಕಳದಿಂದ ಉತ್ತರ:

ನನ್ನ ಮನೆಯವರು ಮನಸ್ಸಿನ ಏರುಪೇರಿಗೆ ಕೊಡುವ ಲಿಥಿಯಂ ಮಾತ್ರೆ ಬಹಳ ವರ್ಷದಿಂದ ತೆಗೆದುಕೊಳ್ಳುತ್ತಾರೆ. ಅವರಿಗೂ ಹೀಗೇ ಮೂತ್ರ, ಬಾಯಾರಿಕೆ. ಆದರೆ ಡೆಸ್ಮೋಪ್ರೆಸಿನ್ ಕೊಟ್ಟು ನೋಡಿದರೂ ಕಡಿಮೆಯಾಗಲಿಲ್ಲ. ಹಾರ್ಮೋನು ಸರಿ ಉಂಟು, ಕಿಡ್ನಿಯೇ ಅದರ ಮಾತು ಕೇಳುತ್ತಿಲ್ಲ ಅಂದರು. ಉಪ್ಪು ಕಡಿಮೆ ಮಾಡಿಸಿ, ಅಮಿಲೊರೈಡ್ ಅನ್ನುವ ಮಾತ್ರೆ ಕೊಟ್ಟ ಮೇಲೆ ರಾತ್ರಿ ನಿದ್ದೆಯಾದರೂ ಬರುತ್ತಿದೆ. ಮೂತ್ರ ಹೆಚ್ಚು ಮಾಡುವ ಗುಂಪಿನ ಮಾತ್ರೆಯೇ ಇದಕ್ಕೆ ಕೊಡುತ್ತಾರೆ ಅಂತ ಕೇಳಿ ನನಗೆ ನಂಬಿಕೆಯೇ ಬಂದಿರಲಿಲ್ಲ. ಮೂರು ಮನೆಯಲ್ಲಿ ಮೂರು ಥರ ಅಂತ ಗೊತ್ತಾಗಲಿ ಎಂದು ಬರೆದೆ.

---

ಬ್ರಹ್ಮಾವರದ ಅಕ್ಕ ಉತ್ತರ:

ಎಲ್ಲರಿಗೂ ಕೈಮುಗಿಯುತ್ತೇನೆ. ಮೊನ್ನೆ ಡಾಕ್ಟ್ರನ್ನು ಕಂಡು ಬಂದೆವು. ಟೀಚರ್ ಬರೆದದ್ದನ್ನು ಚೀಟಿ ಮಾಡಿಕೊಂಡು ಹೋಗಿದ್ದೆ, ಒಂದೊಂದಾಗಿ ಕೇಳಿದೆ. ಸೋಡಿಯಂ 133. ನೀರು ಹೆಚ್ಚಾಗಿದೆ, ಬಾಯಾರಿಕೆಗೆ ಮಾತ್ರ ಕುಡಿಯಬೇಕು ಅಂದರು. ವಾರಕ್ಕೊಮ್ಮೆ ಮಾತ್ರೆ ತಡ ಮಾಡುವುದನ್ನು ಅವನಿಗೆ ಹೇಳಿಕೊಟ್ಟರು. ಕಾರ್ಟಿಸೋಲ್ ಪರೀಕ್ಷೆ ಮುಂದಿನ ತಿಂಗಳು. ಆಳಸಮುದ್ರಕ್ಕೆ ಸದ್ಯ ಬೇಡವೇ ಬೇಡ ಅಂದರು. ಎಲ್ಲ ನೆಲೆಗೆ ಬಂದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬರುವ ಸಣ್ಣ ಬೋಟಿಗೆ ಹೋಗಬಹುದಂತೆ. ಮಾಲೀಕರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅಲ್ಲಿಯ ತನಕ ಬಂದರಿನಲ್ಲೇ ಇಂಜಿನ್ ರಿಪೇರಿಗೆ ಇಟ್ಟುಕೊಳ್ಳುತ್ತೇನೆ ಅಂದರು, ಪುಣ್ಯ.

ಅಮ್ಮ ನಿನ್ನೆ ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ ಮಾಡಿ ಬಡಿಸಿದರು. ಒಂದು ಕೇಳಲಿಕ್ಕೆ ಬಿಟ್ಟುಹೋಯಿತು: ಸಣ್ಣ ಬೋಟಿಗೆ ಹೋಗುವಾಗ ಮಾತ್ರೆಯನ್ನು ಮೀನಿನ ಐಸ್ ಪೆಟ್ಟಿಗೆಯಲ್ಲಿ ಇಡಬೇಕಾ?

---

ಸುರತ್ಕಲ್ ಟೀಚರ್ ಉತ್ತರ:

ಬೇಡ ತಂಗಿ. ಫ್ರಿಜ್ಜಿನ ಪ್ರಶ್ನೆ ಬರುವುದು ಕೆಲವು ಸ್ಪ್ರೇಗಳಿಗೆ ಮತ್ತು ಇಂಜೆಕ್ಷನ್‌ಗೆ. ಮಾತ್ರೆಗೆ ಒದ್ದೆಯೇ ಶತ್ರು. ಸ್ಟ್ರಿಪ್ಪನ್ನೋ ಡಬ್ಬವನ್ನೋ ಬಂದ ಹಾಗೆಯೇ, ಬಿಚ್ಚಿ ಬೇರೆ ಡಬ್ಬಕ್ಕೆ ಹಾಕದೆ, ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಡಲಿ. ಇಂಜಿನ್ ಕೋಣೆಯ ಬಿಸಿಯಲ್ಲಿ ಬೇಡ. ಒಂದು ಭಾಗ ಅವನ ಚೀಲದಲ್ಲಿ, ಇನ್ನೊಂದು ಬೋಟು ನಡೆಸುವ ತಾಂಡೇಲರ ಕೈಯಲ್ಲಿ ಇರಲಿ, ಚೀಲ ಕಡಲಿಗೆ ಬಿದ್ದರೂ ಆ ದಿನದ ಡೋಸ್ ತಪ್ಪಬಾರದು. ತುರ್ತಿನ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮನೆಯಲ್ಲಿ ಇಟ್ಟುಕೊಳ್ಳಬೇಕಾ, ಕೊಡುವುದನ್ನು ನಿಮಗೆ ಕಲಿಸುತ್ತಾರಾ ಅಂತ ಮುಂದಿನ ಸಲ ಕೇಳಿ. ಸೋಡಿಯಂ 133ಕ್ಕೆ ಬಂದಿರುವುದರಿಂದ ಮುಂದಿನ ಪರೀಕ್ಷೆ ಯಾವತ್ತು ಅಂತ ತಾರೀಕು ಬರೆಸಿಕೊಂಡಿದ್ದೀರಲ್ಲ? ಇಲ್ಲದಿದ್ದರೆ ನಾಳೆಯೇ ಫೋನ್ ಮಾಡಿ ಕೇಳಿ.